ಹೆಗಲು ಮುಟ್ಟಿಕೊಳ್ಳುವವರ ಸಾಲು

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಬಿಡು, ಯಾರ ಮೈ ಹೇಗೆ ಅಲುಗುತ್ತದೆ ನೋಡು, ಅಲುಗಿದವನನ್ನು ಹಿಡಿ. ಗಾದೆಯ ತಂತ್ರ ಇಷ್ಟೇ. ಅಮೆರಿಕದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ 2007ರ ಸುಮಾರಿಗೆ ಕೈಹಾಕಿದ್ದೂ ಇದಕ್ಕೇ, ಆದರೆ ಕ್ಯಾಮೆರಾ, ಲೇಸರ್ ಸಮೇತ. ಮೊದಲು ಇಟ್ಟ ಹೆಸರು ಪ್ರಾಜೆಕ್ಟ್ ಹಾಸ್ಟೈಲ್ ಇಂಟೆಂಟ್, ಅಂದರೆ ಕೇಡಿನ ಉದ್ದೇಶ. ಆ ಹೆಸರು ಕೇಳಿದರೆ ಸಾಕು, ನಿರಪರಾಧಿಯ ಎದೆಯೂ ಡವಗುಟ್ಟೀತು. ಆಮೇಲೆ ಅದು ಫ್ಯೂಚರ್ ಆಟ್ರಿಬ್ಯೂಟ್ ಸ್ಕ್ರೀನಿಂಗ್ ಟೆಕ್ನಾಲಜಿ ಆಯಿತು, ಚಿಕ್ಕದಾಗಿ ಫಾಸ್ಟ್. ಚೀಲದೊಳಗೆ ಏನಿದೆ ಅನ್ನುವುದಕ್ಕೆ ಎಕ್ಸ್‌ರೇ ಇದ್ದೇ ಇತ್ತು. ತಲೆಯೊಳಗೆ ಏನಿದೆ ಅನ್ನುವುದಕ್ಕೆ ಇದು.

ತಲೆಯೊಳಗೆ ನೇರವಾಗಿ ಇಣುಕುವ ಸಾಮಾನು ಇದರಲ್ಲಿ ಒಂದೂ ಇಲ್ಲ. ಇರುವುದೆಲ್ಲ ಮೈ ನೋಡುವಂಥವೇ. ನಾಡಿಬಡಿತ, ಉಸಿರಾಟಗಳನ್ನು ದೂರದಿಂದಲೇ ಅಳೆಯುವ ಲೇಸರ್ ಉಪಕರಣ. ಮುಖದ ಚರ್ಮ ಎಷ್ಟು ಬಿಸಿಯಾಯಿತೆಂದು ನೋಡುವ ಥರ್ಮಲ್ ಕ್ಯಾಮೆರಾ. ಕಣ್ಣು ಎತ್ತ ಹೊರಳಿತು, ಪಾಪೆ ಎಷ್ಟು ಹಿಗ್ಗಿತು ಎಂದು ಲೆಕ್ಕ ಇಡುವ ಐ ಟ್ರ್ಯಾಕರ್. ಮುಖಭಾವಕ್ಕೆ ವಿಡಿಯೊ, ದನಿಯ ಏರಿಳಿತಕ್ಕೆ ಮೈಕು. ಇವೆಲ್ಲದರ ನಡುವೆ ಮನಸ್ಸು ಕದಿಯುವ ಸಾಮಾನೆಂದರೆ ನಿಂಟೆಂಡೊ ವೀ ಬ್ಯಾಲೆನ್ಸ್ ಬೋರ್ಡ್. ಮಕ್ಕಳು ಟಿವಿ ಮುಂದೆ ಹತ್ತಿ ಕುಣಿಯುತ್ತಿದ್ದ ಆ ಬಿಳಿ ಹಲಗೆಗೆ ನಾಲ್ಕು ಮೂಲೆಗಳಲ್ಲಿ ನಾಲ್ಕು ತೂಕದ ಸೆನ್ಸರ್‌ಗಳಿವೆ. ಸಂಶೋಧಕರು ಅದನ್ನೇ ಸ್ವಲ್ಪ ಮಾರ್ಪಡಿಸಿ ಪ್ರಶ್ನೆ ಕೇಳುವ ಜಾಗದಲ್ಲಿ ಹಾಕಿದರು. ನಿಂತವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದರೆ ಪರದೆಯ ಮೇಲೆ ಗೆರೆ ಅಲ್ಲಾಡುತ್ತದೆ. ಚಡಪಡಿಕೆಗೆ ತೂಕದ ಲೆಕ್ಕ! ಚಡಪಡಿಕೆ ಬಾಂಬಿನದೋ, ಮೂತ್ರಕ್ಕೆ ಅವಸರವಾದದ್ದೋ ಎಂಬುದು ಮಾತ್ರ ಹಲಗೆಗೆ ಗೊತ್ತಾಗುವುದಿಲ್ಲ.

ಬಾಕಿ ಸಾಮಾನುಗಳ ಪಾಡೂ ಇದೇ. ಗೇಟಿಗೆ ಓಡಿ ಬಂದವನ ಮುಖ ಬಿಸಿಯಾಗಿರುತ್ತದೆ, ಜ್ವರದವನದೂ, ಎರಡು ಪೆಗ್ ಹಾಕಿದವನದೂ. ಪಾಪೆ ಮನಸ್ಸಿಗಿಂತ ಮೊದಲು ದೀಪದ ಮಾತು ಕೇಳುತ್ತದೆ. ಬಿಸಿಲಿನಿಂದ ಒಳಗೆ ಬಂದರೆ ತಾನೇ ಹಿಗ್ಗುತ್ತದೆ. ಕನ್ನಡಕದ ಗಾಜಿನ ಹೊಳಪು, ರೆಪ್ಪೆಗೆ ಹಚ್ಚಿದ ಮಸ್ಕಾರ ಐ ಟ್ರ್ಯಾಕರನ್ನು ದಾರಿ ತಪ್ಪಿಸುತ್ತವೆ. ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ ಏನೇ ಆದರೂ ಹೆಚ್ಚು ಏರುವುದಿಲ್ಲ. ಅಂದರೆ ಬಿಪಿ ಇರುವ ಕೇಡಿಗನಿಗೆ ಡಾಕ್ಟರೇ ಪಾಸ್ ಬರೆದುಕೊಟ್ಟಂತಾಯಿತು.

ಈ ಆಲೋಚನೆಯ ಅಜ್ಜ ನಮ್ಮಲ್ಲೇ ಇದ್ದಾನೆ. ದಿವ್ಯ ಎಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತಿಳಿಯಲು ಒಡ್ಡುತ್ತಿದ್ದ ಪರೀಕ್ಷೆ. ಹಳೆಯ ಧರ್ಮಶಾಸ್ತ್ರ ಗ್ರಂಥವಾದ ಬೃಹಸ್ಪತಿ ಸ್ಮೃತಿ ಪಟ್ಟಿ ಮಾಡುವ ಒಂಬತ್ತು ದಿವ್ಯಗಳಲ್ಲಿ ತಂಡುಲ ದಿವ್ಯ, ಅಂದರೆ ಅಕ್ಕಿಯ ಪರೀಕ್ಷೆಯೂ ಒಂದು. ಕಳ್ಳತನದ ಆರೋಪ ಹೊತ್ತವನು ಅಕ್ಕಿ ಅಗಿದು ಎಲೆಯ ಮೇಲೆ ಉಗುಳಬೇಕು. ರಕ್ತ ಕಂಡರೆ ಕಳ್ಳ. ಹೆದರಿದರೆ ಬಾಯಿ ಒಣಗುತ್ತದೆ, ಒಣ ಬಾಯಲ್ಲಿ ಅಕ್ಕಿ ಒಸಡು ಗೀರುತ್ತದೆ. ಲೆಕ್ಕಾಚಾರ ಒಪ್ಪುವಂಥದ್ದೇ. ಆದರೆ ನಾಲ್ಕು ಜನರ ಮುಂದೆ ಕೈಗೆ ಅಕ್ಕಿ ಕೊಟ್ಟು ನಿಲ್ಲಿಸಿದರೆ ಕದಿಯದವನ ಬಾಯಿ ಒದ್ದೆ ಇರುತ್ತದೆಯೇ?

ಫಾಸ್ಟ್ ಪರೀಕ್ಷೆ 2008ರಲ್ಲಿ ಮೇರಿಲ್ಯಾಂಡ್‌ನಲ್ಲಿ ನಡೆಯಿತು, ಕುದುರೆ ಸವಾರಿ ಕೇಂದ್ರವೊಂದರಲ್ಲಿ ನಿಲ್ಲಿಸಿದ ಟ್ರೇಲರ್‌ಗಳೊಳಗೆ, ಸುಮಾರು 140 ಜನರ ಮೇಲೆ. ಕೆಲವರಿಗೆ ಮೊದಲೇ 'ಒಳಗೆ ಹೋಗಿ ಏನಾದರೂ ಕಿತಾಪತಿ ಮಾಡಬೇಕು' ಎಂದು ಹೇಳಿಕೊಟ್ಟಿದ್ದರು. ದುಡ್ಡು ಕೊಟ್ಟು ಕರೆಸಿದ ಕೇಡಿಗರು! ಇವರಲ್ಲಿ ಯಂತ್ರ ಹಿಡಿದದ್ದು ಕೇಡಿನ ಉದ್ದೇಶವನ್ನೋ ನಾಟಕದ ಪಾತ್ರ ಸಿಕ್ಕಿದ ಪುಕಪುಕವನ್ನೋ, ಅದನ್ನು ಬಿಡಿಸಿ ನೋಡುವ ದಾರಿಯಿಲ್ಲ. ಇಲಾಖೆ ಹೇಳಿಕೊಂಡ ನಿಖರತೆ ಶೇ. 78.

ಶೇ. 78 ಎಂದರೆ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್. ವಿಮಾನ ನಿಲ್ದಾಣದಲ್ಲಿ ಏನಾಗುತ್ತದೆ ನೋಡಿ. ದಿನಕ್ಕೆ 1 ಲಕ್ಷ ಜನ ಹಾಯುತ್ತಾರೆ, ಅವರಲ್ಲಿ ನಿಜವಾದ ಕೇಡಿಗ ಒಬ್ಬ ಎಂದಿಟ್ಟುಕೊಳ್ಳೋಣ. ಶೇ. 22 ತಪ್ಪಿದರೆ 22,000 ನಿರಪರಾಧಿಗಳ ಮೇಲೆ ಕೆಂಪು ದೀಪ. ಒಬ್ಬೊಬ್ಬರನ್ನು ಪಕ್ಕಕ್ಕೆ ಕರೆದು ಬರೀ ಐದು ನಿಮಿಷ ವಿಚಾರಿಸಿದರೂ 1,10,000 ನಿಮಿಷ. ಎಂಟು ಗಂಟೆಯ ಪಾಳಿಯಲ್ಲಿ ಇನ್ನೂರಮೂವತ್ತು ಜನ ಬೇರೇನೂ ಮಾಡದೆ ಇದನ್ನೇ ಮಾಡಬೇಕು. ಇಷ್ಟಾಗಿಯೂ ಆ ಒಬ್ಬ ಹಸಿರು ದೀಪದಲ್ಲೇ ದಾಟಿಹೋಗುವ ಸಾಧ್ಯತೆ ಐದರಲ್ಲಿ ಒಂದಕ್ಕಿಂತ ಹೆಚ್ಚು. ನಿಖರತೆಯನ್ನು ಶೇ. 99ಕ್ಕೆ ಏರಿಸಿದರೂ ದಿನಕ್ಕೆ ಸಾವಿರ ಜನ ಸುಮ್ಮನೆ ಸಿಕ್ಕಿಬೀಳುತ್ತಾರೆ.

ಯಂತ್ರ ಬೇಡ, ಮನುಷ್ಯರೇ ನೋಡಲಿ ಎಂಬುದೂ ಆಗಿಹೋಗಿದೆ. 2003ರಲ್ಲಿ ಬಾಸ್ಟನ್ನಿನ ಲೋಗನ್ ನಿಲ್ದಾಣದಲ್ಲಿ ಪ್ರಯೋಗವಾಗಿ ಶುರುವಾದ ಸ್ಪಾಟ್ ಎಂಬ ಕಾರ್ಯಕ್ರಮದಲ್ಲಿ ತರಬೇತಾದ ಅಧಿಕಾರಿಗಳು ಪ್ರಯಾಣಿಕರಿಗೆ ಅಂಕ ಕೊಡುತ್ತಿದ್ದರು. ಆ ಅಂಕಪಟ್ಟಿ 2015ರಲ್ಲಿ ಸೋರಿ ಹೊರಗೆ ಬಂತು. ಅತಿಯಾಗಿ ಆಕಳಿಸುವುದು, ಸಿಳ್ಳೆ ಹಾಕುವುದು, ಮತ್ತೆ ಮತ್ತೆ ಗಂಟಲು ಸರಿಮಾಡಿಕೊಳ್ಳುವುದು, ಈಗಷ್ಟೇ ಗಡ್ಡ ಬೋಳಿಸಿ ಬಿಳಿಚಿಕೊಂಡ ಕೆನ್ನೆ: ಎಲ್ಲಕ್ಕೂ ಅಂಕ. 55 ದಾಟಿದ ಗಂಡಹೆಂಡತಿ ಜೊತೆಯಾಗಿ ಬಂದರೆ ಅಂಕ ಕಳೆಯುತ್ತಿದ್ದರು. ಮಗಳ ಬಾಣಂತನ ಮುಗಿಸಿಕೊಂಡು ಬಾಸ್ಟನ್ನಿನಿಂದ ಹೊರಟ ನಮ್ಮ ಅದೆಷ್ಟು ರಾಯರು, ಅಮ್ಮನವರು ತಮಗೇ ಗೊತ್ತಿಲ್ಲದೆ ಈ ರಿಯಾಯಿತಿ ಪಡೆದಿದ್ದಾರೋ! 2007ರಿಂದ ಇದಕ್ಕೆ ಸುಮಾರು 90 ಕೋಟಿ ಡಾಲರ್ ಸುರಿದ ಮೇಲೆ, 2013ರಲ್ಲಿ ಅಲ್ಲಿನ ಲೆಕ್ಕ ತಪಾಸಣಾ ಸಂಸ್ಥೆ ವರದಿ ಕೊಟ್ಟಿತು: ನಡವಳಿಕೆ ನೋಡಿ ಸುಳ್ಳು ಹಿಡಿಯುವ ಮನುಷ್ಯನ ಶಕ್ತಿ ನಾಣ್ಯ ಚಿಮ್ಮಿದಷ್ಟೇ, ಇಲ್ಲವೇ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು.

ಯುರೋಪಿನವರು ಇನ್ನೊಂದು ದಾರಿ ಹಿಡಿದರು. 2016ರಿಂದ 2019ರವರೆಗೆ ಸುಮಾರು 45 ಲಕ್ಷ ಯೂರೋ ವೆಚ್ಚದ ಐಬಾರ್ಡರ್‌ಕಂಟ್ರೋಲ್ ಎಂಬ ಗಡಿ ತಪಾಸಣೆಯ ಪ್ರಯೋಗ. ಪ್ರಯಾಣಿಕ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂರಬೇಕು. ತೆರೆಯ ಮೇಲಿನ ಗೊಂಬೆ ಅಧಿಕಾರಿ ಪ್ರಶ್ನೆ ಕೇಳುತ್ತದೆ. ಮುಖದ ಸೂಕ್ಷ್ಮ ಚಲನೆಗಳನ್ನು ವೆಬ್‌ಕ್ಯಾಮ್ ಹಿಡಿಯುತ್ತದೆ. ಸೂಟ್‌ಕೇಸಿನಲ್ಲಿ ಏನಿದೆ? ತೆರೆದು ತೋರಿಸಿದರೆ ನೀವು ಹೇಳಿದ್ದು ನಿಜವೆಂದು ಗೊತ್ತಾಗುತ್ತದೆಯೇ? ಇಂಥ ಪ್ರಶ್ನೆಗಳು. ನಮ್ಮ ಕಡೆಯವರು ಇದರ ಮುಂದೆ ಕೂತರೆ ಗೊಂಬೆಯ ಕಥೆ ಮುಗಿಯಿತು. 'ಏನಿಲ್ಲ, ಹೀಗೇ ಒಂಚೂರು ಬಟ್ಟೆಬರೆ' ಎನ್ನುತ್ತೇವೆ. ಒಳಗೆ ನೋಡಿದರೆ ಮೂರು ಕಿಲೊ ಚಟ್ನಿಪುಡಿ, ಹಪ್ಪಳದ ಕಟ್ಟು, ಟವೆಲ್ಲಿನಲ್ಲಿ ಸುತ್ತಿದ ತುಪ್ಪದ ಡಬ್ಬಿ. ಹಸಿದುಕೊಂಡೇ 'ಊಟ ಆಯ್ತು' ಎನ್ನುವ ಜನ ನಾವು. ಅದನ್ನು ಸುಳ್ಳು ಎಂದು ಯಾರೂ ಬರೆದುಕೊಳ್ಳುವುದಿಲ್ಲ, ಮುಖದ ಸ್ನಾಯುಗಳೂ ಸಹ.

ವೈರು ಹಚ್ಚಿ ಮನಸ್ಸು ಓದುವುದಕ್ಕೆ ನಮ್ಮಲ್ಲಿ ಒಂದು ಬೇಲಿ ಇದೆ, ಅದರ ಮೇಲೆ ಕರ್ನಾಟಕದ ಹೆಸರೂ ಇದೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು: ಒಪ್ಪಿಗೆ ಇಲ್ಲದೆ ಪಾಲಿಗ್ರಾಫ್, ಮಂಪರು ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಮಾಡುವಂತಿಲ್ಲ. ಫಾಸ್ಟ್ ಬಗೆಯ ಯಂತ್ರಗಳ ಜಾಣತನ ಇರುವುದು ವೈರೇ ಇಲ್ಲದಿರುವುದರಲ್ಲಿ. ಮುಟ್ಟದೆ ಅಳೆಯುವಾಗ 'ಅಳೆಯಲೇ?' ಎಂದು ಕೇಳುವ ಹೊತ್ತು ಯಾವಾಗ ಬರುತ್ತದೆ?

ನಮ್ಮ ವಿಮಾನ ನಿಲ್ದಾಣಗಳನ್ನು ಕಾಯುವ ಸಿಐಎಸ್‌ಎಫ್ 2018ರಲ್ಲಿ ಪ್ರಯಾಣಿಕರ ನಡವಳಿಕೆ ಗಮನಿಸುವುದಕ್ಕೆ ಒತ್ತು ಕೊಡುತ್ತೇವೆಂದಿತು. ಜೊತೆಗೆ, ಸಿಬ್ಬಂದಿ ಅಗಲವಾಗಿ ನಗುವುದು ಬಿಟ್ಟು ಸಾಕಷ್ಟೇ ನಗಬೇಕು ಎಂದೂ ಹೇಳಿತು. ಸಾಕಷ್ಟು ಎಂದರೆ ಎಷ್ಟು ಹಲ್ಲು? ಎದುರಿಗಿದ್ದವನು ಬದಲಿಗೆ ಎಷ್ಟು ನಗಬೇಕು? ಹೆಚ್ಚು ನಕ್ಕರೆ ಏನೋ ಮುಚ್ಚಿಡುತ್ತಿದ್ದಾನೆ, ನಗದೇ ಇದ್ದರೆ ಏನೋ ಹೊಂಚಿದ್ದಾನೆ. ಇದನ್ನು ಯೋಚಿಸುವಷ್ಟರಲ್ಲಿ ಟ್ರೇ ಮುಂದಕ್ಕೆ ಸರಿದಿರುತ್ತದೆ, ಹಿಂದಿನವರು ತಳ್ಳುತ್ತಿರುತ್ತಾರೆ. ಬೆಲ್ಟ್ ಬಿಚ್ಚಿದ ಪ್ಯಾಂಟು ಜಾರದಂತೆ ಒಂದು ಕೈ, ಬೋರ್ಡಿಂಗ್ ಪಾಸಿಗೆ ಇನ್ನೊಂದು ಕೈ. ಹೆಗಲು ಮುಟ್ಟಿ ನೋಡಿಕೊಳ್ಳೋಣವೆಂದರೂ ಮೂರನೆಯ ಕೈ ಇಲ್ಲ.