ಗ್ಲಾಮರ್‌ನ ಮೂಲ ‘ಅಮೂರ್’ ಅಲ್ಲ

‘ಗ್ಲಾಮರ್’ ಪದವು ಪ್ರೇಮವೆಂಬ ಅರ್ಥದ ಫ್ರೆಂಚ್ ‘ಅಮೂರ್’ನಿಂದ ಬಂದಿದೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ಒಪ್ಪಲಾಗದು, ಸದ್ದಿನ ಹೋಲಿಕೆಯೊಂದನ್ನೇ ನಂಬಿ ಹೊರಟರೆ ಯಾವ ಪದವನ್ನು ಯಾವುದಕ್ಕಾದರೂ ಗಂಟುಹಾಕಬಹುದು. ‘ಗ್ಲಾಮರ್’ ಎಂಬುದು ವ್ಯಾಕರಣವೆಂಬ ಅರ್ಥದ ‘ಗ್ರಾಮರ್’ ಪದದ ಸ್ಕಾಟಿಷ್ ರೂಪಾಂತರ, ‘ರ’ಕಾರ ‘ಲ’ಕಾರವಾಗಿದೆ ಅಷ್ಟೆ. ಮಧ್ಯಯುಗದ ಯುರೋಪಿನಲ್ಲಿ ಗ್ರಾಮರ್ ಎಂದರೆ ಲ್ಯಾಟಿನ್ ಪಾಂಡಿತ್ಯ ಎಂದೇ ಅರ್ಥವಿದ್ದು, ಓದುಬರಹ ಬಾರದ ಜನಸಾಮಾನ್ಯರಿಗೆ ಆ ಪಾಂಡಿತ್ಯವೂ ಮಾಟಮಂತ್ರವೂ ಬೇರೆಬೇರೆಯಾಗಿ ಕಾಣುತ್ತಿರಲಿಲ್ಲವಾದ್ದರಿಂದ, ಪದಕ್ಕೆ ಮಾಯಾವಿದ್ಯೆಯ ಅರ್ಥವೂ ಅಂಟಿಕೊಂಡಿತು. 18ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಒಬ್ಬರ ಕಣ್ಣಿನ ಮೇಲೆ ಗ್ಲಾಮರ್ ಬೀರುವುದೆಂದರೆ ಇಲ್ಲದ್ದನ್ನು ಇದ್ದಂತೆ ತೋರಿಸುವ ಕಣ್ಕಟ್ಟು. ಸ್ಕಾಟ್ಲೆಂಡಿನ ಕವಿ ವಾಲ್ಟರ್ ಸ್ಕಾಟ್ ತಮ್ಮ 1805ರ ಕಥನಕಾವ್ಯದಲ್ಲಿ ಬಳಸಿದ ಮೇಲೆ ಪದವು ಇಂಗ್ಲಿಷಿನಲ್ಲಿ ವ್ಯಾಪಕವಾಯಿತು. ಲೇಖನವು ಮೂಲಾರ್ಥವೆಂದು ಹಿಡಿದಿರುವ ಚೆಲುವು, ಥಳುಕು ಎಂಬ ಅರ್ಥಗಳು ಅದಕ್ಕೂ ಬಹಳ ಈಚಿನವು.