ತಲಪಾಡಿ ಗಡಿ ದಾಟಿ ಕೇರಳಕ್ಕೆ ಹೋದರೂ ಕಾನೂನು ಒಂದೇ

"ಕೆಎ ನಂಬರಿನ ಬೈಕಾದರೆ ಕಾಸರಗೋಡಿನಲ್ಲಿ ಸೈಲೆನ್ಸರ್ ಬದಲಿಸಿದ್ದಕ್ಕೆ ಕೇಸಿಲ್ಲ, ಡಿಬಿ ಕಿಲ್ಲರ್ ಇದ್ದರೆ ಸಾಕು" ಎಂಬ ವಾಟ್ಸ್ಆಪ್ ಸಂದೇಶ ಮಂಜೇಶ್ವರ, ಉಪ್ಪಳದ ಹುಡುಗರ ಮೊಬೈಲುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. 1988ರ ಮೋಟಾರು ವಾಹನ ಕಾಯ್ದೆ ಇಡೀ ದೇಶದ್ದು. 2019ರ ತಿದ್ದುಪಡಿಯಂತೆ, ಕಾನೂನು ಒಪ್ಪದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಡಿಬಿ ಕಿಲ್ಲರ್ ಅಂದರೆ ಸೈಲೆನ್ಸರ್ ಬಾಯೊಳಗೆ ಒಂದು ಬೋಲ್ಟಿನಲ್ಲಿ ನಿಲ್ಲುವ ಸಣ್ಣ ಕೊಳವೆ. ಸದ್ದು ಸ್ವಲ್ಪ ಇಳಿಯುತ್ತದೆ, ಅಷ್ಟೇ. ಎಂಜಿನ್ನಿನಿಂದ ಸೈಲೆನ್ಸರ್ ವರೆಗಿನ ಪೂರ್ತಿ ಎಕ್ಸಾಸ್ಟ್ ಬದಲಿಸಿದಾಗ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರೇ ಹೆಚ್ಚಾಗಿ ಹೊರಗೆ ಹೋಗಿರುತ್ತದೆ. ಅದನ್ನು ಈ ಕೊಳವೆ ತಂದುಕೊಡುವುದಿಲ್ಲ ಅಲ್ವಾ?

ಸೈಲೆನ್ಸರ್ ಜೊತೆಗೆ ಚಕ್ರದ ಟಯರನ್ನೂ ಬದಲಿಸುವುದು ನನಗೆ ಇನ್ನೂ ಜಾಸ್ತಿ ಚಿಂತೆ. ರಿಮ್ಮಿಗೆ ಒಪ್ಪದ ಅಗಲದ ಟಯರ್ ಹಾಕಿದರೆ ಅದರ ಆಕಾರವೇ ಕೆಡುತ್ತದೆ, ಮಳೆಗಾಲದ ತಿರುವಿನಲ್ಲಿ ಹಿಡಿತ ತಪ್ಪಬಹುದು. ದಯವಿಟ್ಟು ಆ ಸಂದೇಶ ಮುಂದೆ ಕಳಿಸಬೇಡಿ.