ದೂರು ಬೇಡ, ದೂರದೃಷ್ಟಿ ಹೇಳಿ

ತುಮಕೂರಿನ ಭವಿಷ್ಯ ಹೇಳೋಕೆ ಹೋದ ತಿಂಗಳು ನನ್ನನ್ನೂ ಕರೆದಿದ್ದರು. ಜಾತಕ ತರಬೇಕಾ ಅಂತ ಕೇಳಿದೆ. ಬೇಡ, ಆಧಾರ್ ಜೆರಾಕ್ಸ್ ಸಾಕು ಅಂದರು.

ಊರು ಮುಂದೆ ಹೇಗೆ ಬೆಳೆಯಬೇಕು ಅನ್ನೋ ಮಾಸ್ಟರ್ ಪ್ಲಾನಿಗೆ ಜನರ ಅಭಿಪ್ರಾಯ ಕೇಳೋ ಸಭೆ ಅದು. ಯಾವ ಕಚೇರಿ ಅಂತ ಹೇಳಲ್ಲ. ನಾಳೆ ಖಾತೆ ಕೆಲಸಕ್ಕೆ ನಾನು ಅಲ್ಲಿಗೇ ಹೋಗಬೇಕು. ಒಳಗೆ ಗೋಡೆ ತುಂಬಾ ಊರಿನ ನಕ್ಷೆ. ವಾಸದ ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ, ಪಾರ್ಕಿಗೆ ಹಸಿರು. ಕನ್ನಡಕ ಏರಿಸಿಕೊಂಡು ನಮ್ಮ ಬೀದಿ ಹುಡುಕಿದೆ. ಸಿಕ್ಕಿತು. ಪಕ್ಕದಲ್ಲಿ ಬರೆದಿತ್ತು: 'ಕಡಿಮೆ ಜನಸಾಂದ್ರತೆ'.

ನಮ್ಮ ಬೀದೀನಾ? ಒಂದು ಆಟೋ ಒಳಗೆ ಬಂದರೆ ಎದುರು ಬಂದ ಬೈಕು ಯಾರದೋ ಜಗಲಿ ಹತ್ತಬೇಕು. 30-40 ಸೈಟಿನಲ್ಲಿ ನಾಲ್ಕು ಮಹಡಿ ಎದ್ದಿದೆ. ಸೆಟ್‌ಬ್ಯಾಕ್ ಅಂತ ಮನೆ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ ಮೆಟ್ಟಿಲು. ಮೆಟ್ಟಿಲ ಕೆಳಗೆ ಇಸ್ತ್ರಿ ಅಂಗಡಿ. ಮೇಲೆ ಪಿಜಿ ಹುಡುಗರು, ಕೋಣೆಗೆ ಐದು ಜನ. ಬೆಳಗ್ಗೆ ಅವರ ಟವೆಲ್ಲುಗಳು ಹಾರಾಡೋದು ನೋಡಿದರೆ ಯಾವುದೋ ಜಾತ್ರೆ ಅನ್ಕೋಬೇಕು.

ಈ ಲೆಕ್ಕ ಎಲ್ಲಿಂದ ತಂದಿರಿ ಅಂತ ಕೇಳಿದೆ. '2011ರ ಜನಗಣತಿ ಸಾರ್' ಅಂದರು. ಆಗ ಊರಲ್ಲಿ 3 ಲಕ್ಷದ ಆಸುಪಾಸು ಜನ ಇದ್ದರು. 2021ರ ಗಣತಿ ಕೊರೊನಾದಿಂದ ಮುಂದಕ್ಕೆ ಹೋಯಿತು, ಸರಿ. ಅಷ್ಟರಲ್ಲಿ ನಗರಸಭೆ ಮಹಾನಗರ ಪಾಲಿಕೆಯಾಯಿತು. 2014ರಲ್ಲಿ ಇಂಗ್ಲಿಷ್ ಬೋರ್ಡಿನಲ್ಲೂ 'ಟುಮ್ಕೂರ್' ಹೋಗಿ ತುಮಕೂರು ಬಂತು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೂ ಸೇರಿದೆವು. ಇಷ್ಟೆಲ್ಲ ಆದರೂ ಜನ ಮಾತ್ರ ಒಬ್ಬರೂ ಹುಟ್ಟಿಲ್ಲ.

ಬೆಂಗಳೂರಿಂದ 70 ಕಿಲೋಮೀಟರ್ ಬಂದಿದ್ದ ಸಲಹೆಗಾರ ಹುಡುಗ ಮೈಕ್ ಹಿಡಿದ. 'ಎಫ್‌ಎಆರ್, ಅಂದರೆ ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ, ಜಾಸ್ತಿ ಮಾಡಿದರೆ ಊರು ಅಗಲಕ್ಕೆ ಹರಡದೆ ಮೇಲಕ್ಕೆ ಬೆಳೆಯುತ್ತೆ.' ಮಾತು ಸುಳ್ಳಲ್ಲ, ತೋಟ ಹೊಲ ಉಳಿಯೋಕೆ ಅದೂ ಒಂದು ದಾರಿ. ಆದರೆ ನಮ್ಮ ಎದುರುಮನೆ ಅಜ್ಜಿ ಸುಮ್ನೆ ಕೂರಬೇಕಲ್ಲ. 'ಊರು ಮೇಲಕ್ಕೆ ಹೋಗಲಪ್ಪಾ. ನೀರು ಹತ್ತುತ್ತಾ?'

ಗೊರೂರು ಅಣೆಕಟ್ಟಿಂದ ಬುಗುಡನಹಳ್ಳಿ ಕೆರೆಯವರೆಗೂ ಹೇಮಾವತಿ ಬರುತ್ತಾಳೆ. ಅಲ್ಲಿಂದ ನಮ್ಮ ಬೀದಿಗೆ ಬರೋಕೆ ಅವಳಿಗೆ ಮುಹೂರ್ತ ಕೂಡಿಬರಬೇಕು. 'ಜನ ಎಷ್ಟು ಅಂತ ಕಾಗದ ಯಾಕೆ ನೋಡ್ತೀಯಪ್ಪಾ? ನಲ್ಲಿ ಬಿಟ್ಟ ದಿನ ಬಂದು ಕೊಡ ಎಣಿಸು' ಅಂದರು ಅಜ್ಜಿ. ಹುಡುಗ 'ಒಳ್ಳೇ ಇನ್‌ಪುಟ್' ಅಂತ ಬರೆದುಕೊಂಡ. ಬರೆದದ್ದು ಅಷ್ಟೇ, 'ಒಳ್ಳೇ ಇನ್‌ಪುಟ್' ಅಂತ. ನಾನೇ ಬಗ್ಗಿ ನೋಡಿದೆ.

ಆಮೇಲೆ ಎಲ್ಲರಿಗೂ ಬಣ್ಣದ ಚೀಟಿ ಕೊಟ್ಟರು. ಇನ್ನು 20 ವರ್ಷಕ್ಕೆ ನಿಮ್ಮ ತುಮಕೂರು ಹೇಗಿರಬೇಕು? ಒಂದೇ ವಾಕ್ಯದಲ್ಲಿ ಬರೆಯಿರಿ. ನಾನು ಬರೆದೆ: 'ನಮ್ಮ ಬೀದಿ ಮೋರಿಗೆ ಮುಚ್ಚಳ ಇರಬೇಕು.'

ಅಧಿಕಾರಿ ಓದಿ ಮುಖ ಸಣ್ಣದು ಮಾಡಿದರು. 'ಇದು ದೂರು ಸಾರ್. ನಮಗೆ ಬೇಕಾಗಿರೋದು ದೂರದೃಷ್ಟಿ.'

'20 ವರ್ಷ ಟೈಮ್ ಕೊಟ್ಟಿದ್ದೀನಲ್ಲ ಸ್ವಾಮಿ?'

'ಆಕ್ಷೇಪಣೆ ಇದ್ದರೆ ಪ್ಲಾನಿನ ಕರಡು ಪ್ರಕಟವಾದ ಮೇಲೆ 60 ದಿನದೊಳಗೆ ಕೊಡಿ. ದೂರಾದರೆ ಕೆಳಗಡೆ ಕೌಂಟರ್.'

ಚೀಟಿ ಹಿಡಿದು ಕೆಳಗಿಳಿದೆ. ಕೌಂಟರಿನಲ್ಲಿ ಖಾಲಿ ಕುರ್ಚಿ, ಅದರ ಬೆನ್ನಿಗೆ ಸ್ವೆಟರ್. 'ಮೇಲೆ ಚೌಚೌಬಾತ್ ಕೊಡ್ತಿದ್ದಾರೆ, ಹೋಗಿದ್ದಾರೆ' ಅಂದ ಪ್ಯೂನ್. ಮಂಡಿ ಹಿಡಿದುಕೊಂಡು ಮತ್ತೆ ಮೆಟ್ಟಿಲು ಹತ್ತುವಷ್ಟರಲ್ಲಿ ಪ್ಯಾಕೆಟ್ಟೆಲ್ಲ ಖಾಲಿ. ಇನ್ನೂ ಅರ್ಧ ಸಭೆ ಕೈ ಚಾಚಿಕೊಂಡು ನಿಂತಿತ್ತು.

ತಿಂಡಿಯನ್ನೂ 2011ರ ಲೆಕ್ಕದಲ್ಲೇ ತರಿಸಿದ್ದರು.